ಓದುಗರ ಪ್ರಶ್ನೆ: ಚಾವಣಿ ಸೌರ ಘಟಕಕ್ಕೆ ತಾಂತ್ರಿಕ ವರದಿ ಬೇಕೇ?

ಪ್ರಶ್ನೆ: ಮಲ್ಪೆಯ ನಮ್ಮ ತಾರಸಿ ಮನೆಗೆ 3 ಕಿಲೋವ್ಯಾಟ್ ಸೌರಫಲಕ ಹಾಕಿಸಬೇಕೆಂದಿದ್ದೇವೆ. ತಾಂತ್ರಿಕ ಪರಿಶೀಲನಾ ವರದಿಗೆಂದು ಗುತ್ತಿಗೆದಾರರು ಪ್ರತ್ಯೇಕ ಹಣ ಕೇಳುತ್ತಿದ್ದಾರೆ. ಕೊಡಬೇಕೇ?
– ಓದುಗರೊಬ್ಬರು, ಉಡುಪಿ

ಉತ್ತರ: ಕೊಡಬೇಕಾಗಿಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿಯ ಪ್ರಕಾರ, 10 ಕಿಲೋವ್ಯಾಟ್‌ವರೆಗಿನ ಚಾವಣಿ ಸೌರ ಘಟಕದ ಅರ್ಜಿಯು ಎಲ್ಲ ವಿವರಗಳೊಂದಿಗೆ ಪೂರ್ಣವಾಗಿದ್ದರೆ, ತಾಂತ್ರಿಕ ಅಧ್ಯಯನವಿಲ್ಲದೆಯೇ ಅದನ್ನು ಅಂಗೀಕೃತವೆಂದು ಪರಿಗಣಿಸಬೇಕು. ನಿಮ್ಮ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ (ಮನೆಗೆ ಅನುಮತಿಸಿರುವ ವಿದ್ಯುತ್ ಬಳಕೆಯ ಮಿತಿ) 3 ಕಿಲೋವ್ಯಾಟ್‌ಗಿಂತ ಕಡಿಮೆಯಿದ್ದರೂ ಗಾಬರಿ ಬೇಡ. ಅದನ್ನು ಅಗತ್ಯಕ್ಕೆ ತಕ್ಕಂತೆ ಹೆಚ್ಚಿಸುವ ಹೊಣೆ ವಿದ್ಯುತ್ ವಿತರಣಾ ಕಂಪನಿಯದು. 5 ಕಿಲೋವ್ಯಾಟ್‌ವರೆಗಿನ ಘಟಕಕ್ಕಾಗಿ ವಿತರಣಾ ಜಾಲವನ್ನು ಬಲಪಡಿಸಬೇಕಾಗಿ ಬಂದರೆ ಆ ಖರ್ಚೂ ಕಂಪನಿಯದೇ. ವರದಿಯ ಹಣವನ್ನು, ನನ್ನ ಮಟ್ಟಿಗೆ, ಕಡಲ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯದ ಸ್ಟ್ಯಾಂಡಿಗೆ ಹಾಕುವುದು ಲೇಸು.