ಸ್ಪ್ಯಾನಿಷ್ ಮಾತಾಡುವವರಿಗೆ ‘ವಿಲ್’, ‘ಗೋಯಿಂಗ್ ಟು’ ಹೇಗೆ ಹೇಳಿಕೊಡೋದು?

ಕೊಲಂಬಿಯಾದ ಸಹೋದ್ಯೋಗಿಗೆ ಎಷ್ಟು ಸಲ ‘ವಿಲ್’ ಹೇಳಿಕೊಟ್ಟರೂ ‘ಐ ಕಾಲ್ ಯೂ ಟುಮಾರೊ’ ಅಂತಲೇ ಬರೆಯುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಮೆಕ್ಸಿಕೊದ ಇಬ್ಬರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ನನ್ನದೂ ಇದೇ ತಲೆನೋವು.

ಅವರು ‘ವಿಲ್’ ಮರೆತಿರುವುದಲ್ಲ. ಸ್ಪ್ಯಾನಿಷ್‌ನಲ್ಲಿ ‘ಮಾನ್ಯಾನಾ ತೆ ಯಾಮೊ’ ಅಂದರೆ ನಾಳೆ ಫೋನ್ ಮಾಡ್ತೀನಿ ಅಂತ, ಕ್ರಿಯಾಪದ ಮಾತ್ರ ವರ್ತಮಾನದ್ದೇ. ನಮ್ಮ ‘ಮಾಡ್ತೀನಿ’ ಕೂಡ ದಿನಾ ಮಾಡೋದಕ್ಕೂ ನಾಳೆ ಮಾಡೋದಕ್ಕೂ ಒಂದೇ ಅಲ್ವಾ? ಮಾತು ಕೊಡುವಾಗ, ‘ಬಿಡಿ, ಆ ಬ್ಯಾಗ್ ನಾನು ಹಿಡ್ಕೋತೀನಿ’ ಅನ್ನುವಾಗ ಅವರ ಬಾಯಿಗೆ ವರ್ತಮಾನವೇ ಬರುತ್ತದೆ, ಇಂಗ್ಲಿಷ್‌ಗೆ ‘ವಿಲ್’ ಬೇಕಾಗುವುದು ಸರಿಯಾಗಿ ಅಲ್ಲೇ.

‘ಗೋಯಿಂಗ್ ಟು’ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ವೊಯ್ ಆ ಕೊಮೆರ್’ ಅಂದರೆ ‘ಐ ಆಮ್ ಗೋಯಿಂಗ್ ಟು ಈಟ್’. ಹೋಗು ಅನ್ನುವ ಪದವೇ ಎರಡೂ ಕಡೆ ಇದೆ. ಪಾಠ ಇಲ್ಲಿಂದಲೇ ಶುರು ಮಾಡಿ.

ನಿಜವಾಗಿ ಕಷ್ಟ ಆಗುವುದು ‘ಐ ಆಮ್ ಮೀಟಿಂಗ್ ಹರ್ ಆನ್ ಫ್ರೈಡೆ’ ಥರದ್ದು. ಅವರ ‘ಎಸ್ತೊಯ್ ಕೊಮಿಯೆಂದೊ’ ಅಂದರೆ ಈಗ ತಿನ್ನುತ್ತಾ ಕೂತಿದ್ದೇನೆ ಅಂತ, ಅದನ್ನು ಶುಕ್ರವಾರಕ್ಕೆ ಹೊಂದಿಸುವುದು ಅವರಿಗೆ ವಿಚಿತ್ರ. ದಿನ, ಹೊತ್ತು ಎಲ್ಲ ಗೊತ್ತಾಗಿ ಡೈರಿಯಲ್ಲಿ ಬರೆದಾಗಿದ್ದರೆ ‘ಇಂಗ್’ ಹಾಕಿ ಅಂತ ನಾನು ಹೇಳುತ್ತೇನೆ. ಒಮ್ಮೆ ಪಾಠದ ಮಧ್ಯೆ ನನ್ನ ವಿದ್ಯಾರ್ಥಿಯನ್ನು ಅವರಮ್ಮ ಒಳಗಿಂದ ಕರೆದರು. ಆತ ‘ಯಾ ವೊಯ್’ ಅಂತ ಕೂಗಿ, ನನ್ನ ಕಡೆ ತಿರುಗಿ ‘ಐ ಸೇ, ಐ ಗೋ ನೌ’ ಅಂದ. ಪಾಠ ಮುಗೀತು ಅಂದುಕೊಂಡು ನಾನು ಬೈ ಹೇಳಿಬಿಟ್ಟೆ! ಇಂಗ್ಲಿಷ್‌ನಲ್ಲಿ ಅದು ‘ಐ ಆಮ್ ಕಮಿಂಗ್’, ನಾವಾದರೆ ‘ಬಂದೆ ಅಮ್ಮಾ’ ಅಂತ ಭೂತಕಾಲದಲ್ಲೇ ಮುಗಿಸುತ್ತೇವೆ.

ಇನ್ನೊಂದು, ಸ್ಪ್ಯಾನಿಷ್‌ನ ಅಸಲಿ ಭವಿಷ್ಯತ್ ರೂಪ ಊಹೆಗೂ ಬರುತ್ತದೆ. ‘ಸೆರಾನ್ ಲಾಸ್ ದಿಯೆಸ್’ ಅಂದರೆ ಈಗ ಹತ್ತು ಗಂಟೆ ಆಗಿರಬಹುದು ಅಂತ. ಅದನ್ನು ‘ಇಟ್ ವಿಲ್ ಬಿ ಟೆನ್’ ಅಂತ ಬರೆದರೆ ಓದಿದವರು ಇನ್ನೂ ಹತ್ತಾಗಿಲ್ಲ ಅಂದುಕೊಳ್ಳುತ್ತಾರೆ. ಅಲ್ಲಿ ‘ಮಸ್ಟ್ ಬಿ’ ಅಥವಾ ‘ಪ್ರಾಬಬ್ಲಿ’ ಕಲಿಸಿ.

ಸುಮ್ನೆ ವ್ಯಾಕರಣದ ಪಟ್ಟಿ ಕೊಡಬೇಡಿ. ಅವರೇ ಮನೆಯವರಿಗೆ ಸ್ಪ್ಯಾನಿಷ್‌ನಲ್ಲಿ ಕಳಿಸಿದ ಹತ್ತು ವಾಟ್ಸಾಪ್ ಮೆಸೇಜ್ ತೆಗೆದು ಇಂಗ್ಲಿಷ್‌ನಲ್ಲಿ ಬರೆಯಲು ಹೇಳಿ, ಎಲ್ಲಿ ಎಡವುತ್ತಾರೆ ಅಂತ ಅರ್ಧ ಗಂಟೆಯಲ್ಲಿ ನಿಮಗೇ ಕಾಣುತ್ತದೆ.