ಪಾಲಿಶ್ ಡಬ್ಬಿಯೊಳಗಿನ ಮೆಥನಾಲ್

ಪ್ರಶ್ನೆ: ನಾನು ಬಡಗಿ. ಬಾಗಿಲು, ತೊಟ್ಟಿಲುಗಳಿಗೆ ಅರಗಿನ ಪಾಲಿಶ್ ಹಚ್ಚಲು ಇಪ್ಪತ್ತು ವರ್ಷಗಳಿಂದ ಸ್ಪಿರಿಟ್ ಬಳಸುತ್ತಿದ್ದೇನೆ. ಈಚೆಗೆ ತಂದ ಡಬ್ಬಿಯ ಮೇಲೆ ‘ಮೆಥನಾಲ್’ ಎಂದಿದೆ. ವಾಸನೆಯಲ್ಲಾಗಲಿ, ಅರಗು ಕರಗುವುದರಲ್ಲಾಗಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಧೂಳು ಕೂರದಿರಲೆಂದು ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದ ದಿನ ಸಂಜೆಗೆ ತಲೆ ನೋಯುತ್ತದೆ. ಇದು ಹಳೆಯ ಸ್ಪಿರಿಟ್ಟೇ, ಬೇರೆಯೇ? ಬಳಸಬಹುದೇ?
— ಓದುಗರು, ಗಂಗಾವತಿ

ಉತ್ತರ: ಬೇರೆಯೇ. ನೀವು ಹಿಂದೆ ಬಳಸುತ್ತಿದ್ದುದು ಬಹುಶಃ ಎಥನಾಲ್‌ಗೆ (ಮದ್ಯದಲ್ಲಿರುವ ಆಲ್ಕೋಹಾಲಿಗೆ) ಕುಡಿಯಲಾಗದಂತೆ ಬೇರೆ ವಸ್ತು ಬೆರೆಸಿದ ಸ್ಪಿರಿಟ್. ಈಗ ತಂದದ್ದು ಆಲ್ಕೋಹಾಲುಗಳಲ್ಲೆಲ್ಲ ಅತ್ಯಂತ ಸರಳವಾದ ರಚನೆಯುಳ್ಳ ಮೆಥನಾಲ್. ಅದರ ಅಣುವಿನಲ್ಲಿ ಇರುವುದು ಒಂದೇ ಇಂಗಾಲದ ಪರಮಾಣು. ಎರಡೂ ನೀರಿನಂತೆ ತಿಳಿಯಾಗಿರುತ್ತವೆ, ಎರಡೂ ನೀರಿನಲ್ಲಿ ಪೂರ್ತಿ ಬೆರೆಯುತ್ತವೆ, ಎರಡರಲ್ಲೂ ಅರಗಿನ ಹಕ್ಕಳೆಗಳು ಕರಗುತ್ತವೆ, ವಾಸನೆಯೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ನಿಮಗೆ ವ್ಯತ್ಯಾಸ ತಿಳಿಯದಿದ್ದುದು ಅನುಭವದ ಕೊರತೆಯಿಂದಲ್ಲ. ಮೂಗನ್ನು ನಂಬಿ ಇವೆರಡನ್ನು ಬೇರ್ಪಡಿಸಲು ಯಾರಿಂದಲೂ ಆಗದು. ಉರಿಸಿ ನೋಡುವ ಪರೀಕ್ಷೆಯನ್ನೂ ನಂಬಬೇಡಿ. ಡಬ್ಬಿಯ ಮೇಲಿನ ಚೀಟಿಯೊಂದೇ ನಿಮಗಿರುವ ಗುರುತಾದ್ದರಿಂದ, ಚೀಟಿಯಿಲ್ಲದ ಡಬ್ಬಿಯಲ್ಲಿ ಬಿಡಿಯಾಗಿ ಅಳೆದು ಕೊಡುವ ಸ್ಪಿರಿಟ್ಟನ್ನು ಕೊಳ್ಳಲೇಬಾರದು.

ಹಿಂದೆ ಮೆಥನಾಲನ್ನು ಮರದ ಮದ್ಯಸಾರ ಎನ್ನುತ್ತಿದ್ದರು. ಗಾಳಿಯಾಡದಂತೆ ಕಟ್ಟಿಗೆಯನ್ನು ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಹಬೆಯನ್ನು ತಣಿಸಿದರೆ ದೊರೆಯುವ ದ್ರವದಲ್ಲಿ ಇದು ಇರುತ್ತದೆ. ವಿಜ್ಞಾನಿ ರಾಬರ್ಟ್ ಬಾಯ್ಲ್ 1661ರಲ್ಲಿ ಅದನ್ನು ಬೇರ್ಪಡಿಸಿದ್ದರು. ಇಂದು ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕವನ್ನು ತಾಮ್ರ-ಸತುವಿನ ವೇಗವರ್ಧಕದ ಮೇಲೆ ಹೆಚ್ಚಿನ ಒತ್ತಡದಲ್ಲಿ ಹಾಯಿಸಿ ತಯಾರಿಸುತ್ತಾರೆ. ಪ್ಲೈವುಡ್ ಹಲಗೆಗಳನ್ನು ಅಂಟಿಸುವ ರಾಳಕ್ಕೆ ಬೇಕಾದ ಫಾರ್ಮಾಲ್ಡಿಹೈಡ್ ಮೆಥನಾಲ್‌ನಿಂದಲೇ ಆಗುತ್ತದೆ. ಹಾಗಾಗಿ ನಿಮ್ಮ ಕೆಲಸದ ಕೋಣೆಗೆ ಅದು ಈ ಡಬ್ಬಿಗಿಂತ ಮೊದಲೇ ಬೇರೆ ರೂಪದಲ್ಲಿ ಬಂದಿದೆ.

ಅಪಾಯವಿರುವುದು ದೇಹದೊಳಗೆ. ಯಕೃತ್ತು ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಈ ಆಮ್ಲ ಕಣ್ಣಿನ ನರವನ್ನು ಹಾಳುಮಾಡುತ್ತದೆ. ಸುಮಾರು 10 ಮಿಲಿಲೀಟರ್‌ನಷ್ಟು, ಎಂದರೆ ಎರಡು ಸಣ್ಣ ಚಮಚದಷ್ಟು ಶುದ್ಧ ಮೆಥನಾಲ್ ಹೊಟ್ಟೆಗೆ ಹೋದರೂ ದೃಷ್ಟಿ ಹೋಗಬಹುದು. ಕುಡಿದವರು ಮೊದಲ ಹಲವು ಗಂಟೆ ಚೆನ್ನಾಗಿಯೇ ಇರುತ್ತಾರೆ. ಕಣ್ಣಿಗೆ ಮಂಜು ಕವಿದಂತಾಗುವುದು, ಉಸಿರು ಏರುವುದು ಅರ್ಧ ದಿನ, ಒಂದು ದಿನ ಕಳೆದ ಮೇಲೆ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಇಂಥ ಶಂಕೆ ಬಂದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ‘ಮೆಥನಾಲ್’ ಎಂಬ ಹೆಸರನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ವಿಷವಾಗುವ ಈ ಮಾರ್ಪಾಡನ್ನು ತಡೆಯುವ ಮದ್ದುಗಳಿವೆ, ಡಯಾಲಿಸಿಸ್ ಇದೆ. ಆದರೆ ತಡವಾದರೆ ಕಣ್ಣು ಮರಳಿ ಬಾರದು.

ನೀವು ಕುಡಿಯುವುದಿಲ್ಲ, ನಿಜ. ಆದರೆ ಮೆಥನಾಲ್ ಉಸಿರಿನ ಮೂಲಕವೂ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಮತ್ತು ಪಾಲಿಶ್‌ನಲ್ಲಿ ಅದ್ದಿದ ಅರಿವೆಯ ಉಂಡೆಯನ್ನು ಬರಿಗೈಯಲ್ಲಿ ಹಿಡಿದು ಗಂಟೆಗಟ್ಟಲೆ ಉಜ್ಜುವ ನಿಮ್ಮ ಕೆಲಸದಲ್ಲಿ ಈ ಎರಡು ದಾರಿಗಳೂ ತೆರೆದಿರುತ್ತವೆ. ತಲೆನೋವಿಗೆ ಇದೇ ಕಾರಣವೆಂದು ಪತ್ರ ಓದಿ ತೀರ್ಮಾನಿಸಲಾಗದು. ವೈದ್ಯರಿಗೆ ತೋರಿಸಿ, ಕಣ್ಣು ಮಸುಕಾದರಂತೂ ಆ ದಿನವೇ ಹೋಗಿ. ಆ ಡಬ್ಬಿಯನ್ನು ಅಂಗಡಿಗೆ ಮರಳಿಸಿ, ಎಥನಾಲ್ ಆಧಾರಿತ ಪಾಲಿಶ್ ಸ್ಪಿರಿಟ್ ಕೇಳಿ ಪಡೆಯಿರಿ ಎಂಬುದೇ ನನ್ನ ಸಲಹೆ. ಅದನ್ನೂ ಕಿಟಕಿ ಬಾಗಿಲು ತೆರೆದಿಟ್ಟೇ ಬಳಸಬೇಕು. ತೆಳು ರಬ್ಬರ್ ಕೈಗವಸು ಹಾಕಿಕೊಂಡರೆ ಸಾಕೆಂದುಕೊಳ್ಳಬೇಡಿ. ಮೆಥನಾಲ್ ಅದನ್ನು ಬೇಗನೆ ದಾಟಿ ಬರುತ್ತದೆ.

ಬೆಂಕಿಯ ಮಾತನ್ನೂ ಹೇಳಬೇಕು. ಮೆಥನಾಲ್ ಕುದಿಯುವುದು 64.7 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಸುಮಾರು 11 ಡಿಗ್ರಿಗೇ ಏಳುತ್ತದೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಕಡೆ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಮುಟ್ಟುತ್ತದೆ. ಅದರ ಜ್ವಾಲೆ ತಿಳಿನೀಲಿ. ಹೊಗೆಯಿಲ್ಲ, ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಚೆಲ್ಲಿದ ಜಾಗ ಉರಿಯುತ್ತಿದೆಯೆಂದು ಅದರ ಮೇಲೆ ಕಾಲಿಟ್ಟ ಮೇಲಷ್ಟೇ ಗೊತ್ತಾಗುವುದುಂಟು.

ಪ್ರಶ್ನೆ: ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವಾಗ ಇಷ್ಟು ವಿಷಕಾರಿಯಾದ ಮೆಥನಾಲನ್ನೇ ಏಕೆ ಬೆರೆಸುತ್ತಾರೆ?
— ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಎಣ್ಣೆ ಆಲ್ಕೋಹಾಲಿನೊಡನೆ ವರ್ತಿಸಿದಾಗ ಬಯೋಡೀಸೆಲ್ ಮತ್ತು ಗ್ಲಿಸರಿನ್ ಆಗುತ್ತವೆ. ಆ ಆಲ್ಕೋಹಾಲಾಗಿ ಮೆಥನಾಲನ್ನು ಆರಿಸುವುದಕ್ಕೆ ಅಗ್ಗವೆಂಬುದು ಒಂದು ಕಾರಣ, ಕ್ರಿಯೆ ಬೇಗ ಮುಗಿದು ಗ್ಲಿಸರಿನ್ ಸಲೀಸಾಗಿ ಬೇರೆಯಾಗುತ್ತದೆಂಬುದು ಇನ್ನೊಂದು. ಲೆಕ್ಕದ ಪ್ರಕಾರ 100 ಕೆ.ಜಿ. ಎಣ್ಣೆಗೆ ಸುಮಾರು 11 ಕೆ.ಜಿ. ಮೆಥನಾಲ್ ಸಾಕು; ಕ್ರಿಯೆ ಪೂರ್ಣವಾಗಲೆಂದು ಅದರ ಸುಮಾರು ಎರಡರಷ್ಟನ್ನು ಹಾಕಿ, ಉಳಿದದ್ದನ್ನು ಬಟ್ಟಿ ಇಳಿಸಿ ಹಿಂಪಡೆಯುತ್ತಾರೆ. ಎಥನಾಲ್‌ನಿಂದಲೂ ಮಾಡಬಹುದು, ಆದರೆ ಬಯೋಡೀಸೆಲ್ ಮತ್ತು ಗ್ಲಿಸರಿನ್ ಪದರಗಳು ಬಿಡುವುದು ಕಷ್ಟ. ನಿಮ್ಮ ಕಾಲೇಜಿನಲ್ಲಿ ಈ ಪ್ರಯೋಗ ನಡೆದರೆ ಒಂದು ವಿಷಯ ನೆನಪಿಡಿ: ತಳದಲ್ಲಿ ನಿಲ್ಲುವ ಕಂದು ಗ್ಲಿಸರಿನ್‌ನಲ್ಲೂ ಮೆಥನಾಲ್ ಉಳಿದಿರುತ್ತದೆ, ಆದ್ದರಿಂದ ಅದನ್ನು ತೆಗೆಯುವ ಮುನ್ನ ಆ ಗ್ಲಿಸರಿನ್‌ನಿಂದ ಸೋಪು ಮಾಡಬಾರದು.