ಓದುಗರ ಪ್ರಶ್ನೆ: ಅರಿಶಿನ, ದ್ರಾಕ್ಷಿ ಸಿಪ್ಪೆ ತಿಂದ್ರೆ ಕೊಬ್ಬಿನ ಕೋಶ ಹುಟ್ಟೋದೇ ನಿಲ್ಲುತ್ತಾ?

ಪ್ರಶ್ನೆ: ಮೇಡಂ ನಮಸ್ತೆ, ನಾನು ಶಿಡ್ಲಘಟ್ಟದವಳು, ವಯಸ್ಸು 34, ಎರಡನೇ ಬಾಣಂತನ ಆದ್ಮೇಲೆ ಹೊಟ್ಟೆ ಇಳಿದೇ ಇಲ್ಲ. ನಮ್ಮ ಸಂಘದ ವಾಟ್ಸಾಪ್ ಗ್ರೂಪಲ್ಲಿ ಒಂದು ಕ್ಯಾಪ್ಸೂಲ್ ಬಗ್ಗೆ ಬಂದಿತ್ತು, ಅರಿಶಿನ, ಕಾಳುಮೆಣಸು, ಗ್ರೀನ್ ಟೀ ಸಾರ ಸೇರಿಸಿ ಮಾಡಿರೋದಂತೆ, "ಕೊಬ್ಬಿನ ಜೀವಕೋಶ ಹುಟ್ಟೋದನ್ನೇ ತಡೆಯುತ್ತೆ, ಲ್ಯಾಬಲ್ಲಿ ಪ್ರೂವ್ ಆಗಿದೆ" ಅಂತ ಹಾಕಿದಾರೆ. ತಿಂಗಳಿಗೆ ಎರಡೂವರೆ ಸಾವಿರ. ನಿಜಾನಾ?

ಉತ್ತರ: ಲ್ಯಾಬಲ್ಲಿ ಪ್ರೂವ್ ಆಗಿದೆ ಅನ್ನೋ ಮಾತು ಸುಳ್ಳಲ್ಲ ಕಣಮ್ಮ. ಯಾವುದರ ಮೇಲೆ ಪ್ರೂವ್ ಆಗಿದೆ ಅಂತ ಮಾತ್ರ ಆ ಮೆಸೇಜಲ್ಲಿ ಹೇಳಿರಲ್ಲ. 1970ರ ದಶಕದಲ್ಲಿ ಅಮೆರಿಕದ ಹೊವಾರ್ಡ್ ಗ್ರೀನ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಯವರು ಇಲಿ ಭ್ರೂಣದಿಂದ ಬಂದ ಕೋಶಗಳಲ್ಲಿ ಒಂದು ತಳಿ ಬೇರೆ ಮಾಡಿದ್ರು, ಹೆಸರು 3ಟಿ3-ಎಲ್1, ಇವತ್ತಿಗೂ ಈ ಥರದ ಲ್ಯಾಬ್ ಕೆಲಸ ತುಂಬಾ ನಡೆಯೋದು ಇದರ ಮೇಲೇ. ಇದನ್ನ ಡಿಶ್ಶಲ್ಲಿ, ಅಂದ್ರೆ ಲ್ಯಾಬಿನ ಚಿಕ್ಕ ತಟ್ಟೆಯಲ್ಲಿ ಬೆಳೆಸಿ ಇನ್ಸುಲಿನ್, ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್, ಐಬಿಎಂಎಕ್ಸ್ ಅನ್ನೋ ಇನ್ನೊಂದು ಕೆಮಿಕಲ್, ಈ ಮೂರನ್ನೂ ಹಾಕಿದ್ರೆ, ಅಲ್ಲಿವರೆಗೂ ಉದ್ದಕ್ಕೆ ಚಪ್ಪಟೆಯಾಗಿ ಬಿದ್ದಿದ್ದ ಕೋಶಗಳು ಒಂದು ವಾರ ಹತ್ತು ದಿನದಲ್ಲಿ ಗುಂಡಗಾಗಿ ಒಳಗೆಲ್ಲ ಸಣ್ಣ ಸಣ್ಣ ಎಣ್ಣೆ ಹನಿ ತುಂಬ್ಕೊಳ್ತವೆ, ಅಂದ್ರೆ ಕೊಬ್ಬಿನ ಕೋಶ ಆಗ್ತವೆ, ಆಮೇಲೆ ಆಯಿಲ್ ರೆಡ್ ಓ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಆ ಹನಿಗಳೆಲ್ಲ ಕೆಂಪಗೆ ಕಾಣ್ತವೆ.

ಕೋಶ ಹೀಗೆ ಬದಲಾಗೋಕೆ ಮುಖ್ಯವಾಗಿ ಎರಡು ಪ್ರೋಟೀನ್ ಕಾರಣ, ಪಿಪಿಎಆರ್ ಗಾಮಾ ಮತ್ತೆ ಸಿ/ಇಬಿಪಿ ಆಲ್ಫಾ. ಅರಿಶಿನದ ಕರ್ಕ್ಯುಮಿನ್, ಗ್ರೀನ್ ಟೀಯ ಇಜಿಸಿಜಿ, ಈರುಳ್ಳಿಲಿರೋ ಕ್ವೆರ್ಸೆಟಿನ್, ಸೋಯಾದ ಜೆನಿಸ್ಟೀನ್, ಇವನ್ನ ಸಾಕಷ್ಟು ಪ್ರಮಾಣದಲ್ಲಿ ಡಿಶ್‌ಗೆ ಹಾಕಿದ್ರೆ ಈ ಎರಡು ಪ್ರೋಟೀನ್ ಕಮ್ಮಿಯಾಗ್ತವೆ, ಕೆಂಪು ಹನಿನೂ ಕಮ್ಮಿಯಾಗ್ತವೆ. ಇಷ್ಟು ನಿಜ. ಇಲ್ಲೂ ಒಂದು ವಿಷಯ ನೋಡ್ಬೇಕು, ಡೋಸ್ ಜಾಸ್ತಿಯಾಗಿ ಕೋಶಗಳು ಸತ್ತುಹೋದ್ರೂ ಕೆಂಪು ಕಮ್ಮಿನೇ ಕಾಣುತ್ತೆ, ಒಳ್ಳೆ ಲ್ಯಾಬ್‌ನವರು ಅದನ್ನ ಬೇರೆಯಾಗಿ ಚೆಕ್ ಮಾಡ್ತಾರೆ, ಜಾಹೀರಾತು ಮಾಡೋರಿಗೆ ಅದ್ಯಾಕೆ ಬೇಕು.

ಡಿಶ್ಶಲ್ಲಿ ಕರ್ಕ್ಯುಮಿನ್ ಕೋಶದ ಮೈಮೇಲೇ ಸುರಿತಾರೆ. ನೀವು ನುಂಗಿದ್ದು ಕರುಳು ದಾಟಿ, ಲಿವರ್ ದಾಟಿ, ಆಮೇಲೆ ಹೊಟ್ಟೆ ಕೊಬ್ಬಿನ ತನಕ ಹೋಗ್ಬೇಕು. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ಇದನ್ನ ನೋಡಿದ್ರು, 2 ಗ್ರಾಂ ಕರ್ಕ್ಯುಮಿನ್ ಬರೀ ಅದನ್ನೇ ಕೊಟ್ರೆ ರಕ್ತದಲ್ಲಿ ಹುಡುಕಿದ್ರೂ ಸಿಗದಷ್ಟು ಕಮ್ಮಿ, ಅದರ ಜೊತೆ ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ 2000 ಪರ್ಸೆಂಟ್ ಜಾಸ್ತಿಯಾಯ್ತು. ಎಲ್ಲಾ ಡಬ್ಬಿ ಮೇಲೂ ದೊಡ್ಡಕ್ಷರದಲ್ಲಿ ಇರುತ್ತಲ್ಲ ಆ 2000 ಪರ್ಸೆಂಟು, ಬಂದಿದ್ದು ಇಲ್ಲಿಂದನೇ. ಆದ್ರೆ ಏನೂ ಇಲ್ಲದಷ್ಟು ಇರೋದನ್ನ ಇಪ್ಪತ್ತು ಪಟ್ಟು ಮಾಡಿದ್ರೆ ಎಷ್ಟಾದೀತು ಹೇಳಿ, ಡಿಶ್‌ಗೆ ಹಾಕೋ ಪ್ರಮಾಣದ ಹತ್ತಿರಕ್ಕೂ ಬರಲ್ಲ, ಅದೂ ಬೇಗನೇ ಇಳಿದುಹೋಗುತ್ತೆ. ಎರಡೂವರೆ ಸಾವಿರ ಉಳಿಸ್ಕೊಳಿ. ಮಗು ಇನ್ನೂ ಹಾಲು ಕುಡೀತಿದ್ರಂತೂ ಇಂಥ ಕ್ಯಾಪ್ಸೂಲ್ ಮುಟ್ಟಲೇ ಬೇಡಿ. ಸಾರಿಗೆ, ಹಾಲಿಗೆ ಹಾಕೋ ಅರಿಶಿನಕ್ಕೆ ಯಾರ ತಕರಾರೂ ಇಲ್ಲ.

ಪ್ರಶ್ನೆ: ನಾವು ನಂದಿ ಕಡೆಯವರು, ಬೆಂಗಳೂರು ಬ್ಲೂ ತೋಟ ಇದೆ. ದ್ರಾಕ್ಷಿ ಸಿಪ್ಪೆಲಿರೋ ರೆಸ್ವೆರಟ್ರಾಲ್ ಕೊಬ್ಬು ಕರಗಿಸುತ್ತೆ ಅಂತ ಯೂಟ್ಯೂಬಲ್ಲಿ ಹೇಳ್ತಿದಾರೆ. ಹಾಗೆ ಬೋರ್ಡ್ ಹಾಕಿ ಮಾರಬಹುದಾ?

ಉತ್ತರ: ಬೋರ್ಡ್ ಬೇಡ ಅಣ್ಣ. ರೆಸ್ವೆರಟ್ರಾಲ್ ಸಿಪ್ಪೆಲಿರೋದು ಹೌದು, ಡಿಶ್ಶಲ್ಲಿ ಅದೂ ಕೊಬ್ಬಿನ ಕೋಶ ಆಗೋದನ್ನ ತಡೆಯುತ್ತೆ. ಲೆಕ್ಕ ಹಾಕಿ ನೋಡಿ, ಹಸೀ ದ್ರಾಕ್ಷಿ ಸಿಪ್ಪೆಲಿ ಸಾಮಾನ್ಯವಾಗಿ ಹೇಳೋ ಪ್ರಮಾಣ ಗ್ರಾಂಗೆ 50ರಿಂದ 100 ಮೈಕ್ರೋಗ್ರಾಂ. ಮನುಷ್ಯರ ಮೇಲೆ ಮಾಡಿರೋ ಪ್ರಯೋಗಗಳಲ್ಲಿ ದಿನಕ್ಕೆ 150 ಮಿಲಿಗ್ರಾಂ ಅನ್ನೋದೇ ಸಣ್ಣ ಡೋಸು. ಅಷ್ಟು ಬೇಕಂದ್ರೆ ದಿನಾ ಒಂದೂವರೆಯಿಂದ ಮೂರು ಕೆಜಿ ಬರೀ ಸಿಪ್ಪೆ ತಿನ್ಬೇಕು, ಅಂದ್ರೆ ಹಣ್ಣು ಎಷ್ಟು ಬೇಕು, ಅದರಲ್ಲಿ ಸಕ್ಕರೆ ಎಷ್ಟು ಹೊಟ್ಟೆಗೆ ಹೋಗುತ್ತೆ ಅಂತ ನಿಮಗೇ ಗೊತ್ತು. ಅಷ್ಟಕ್ಕೂ ನಮ್ಮ ಬ್ಲೂ ಹಣ್ಣನ್ನ ತಿನ್ನೋರೆಲ್ಲ ತಿರುಳು ಜುಳುಕ್ ಅಂತ ಬಾಯಿಗೆ ಎಳ್ಕೊಂಡು ಸಿಪ್ಪೆನೂ ಬೀಜನೂ ಉಗಿದುಬಿಡ್ತಾರೆ! ಬೋರ್ಡ್ ಹಾಕ್ಲೇಬೇಕು ಅಂದ್ರೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆಯಲ್ಲ, ಅದನ್ನ ಹಾಕಿ.

ಪ್ರಶ್ನೆ: ತುಮಕೂರಿನಲ್ಲಿ ಬಿಎಸ್ಸಿ ಓದ್ತಿದೀನಿ. ಇವತ್ತಲ್ಲ ನಾಳೆ ಯಾವುದೋ ಗಿಡದ ಅಂಶ ನಿಜವಾಗಲೂ ದೇಹದಲ್ಲೇ ಹೊಸ ಕೊಬ್ಬಿನ ಕೋಶ ಹುಟ್ಟದ ಹಾಗೆ ಮಾಡ್ತು ಅಂದ್ಕೊಳಿ, ಆಗ ಬೊಜ್ಜಿನ ಸಮಸ್ಯೆ ಮುಗೀತಲ್ವಾ?

ಉತ್ತರ: ಒಳ್ಳೆ ಪ್ರಶ್ನೆ, ಕ್ಯಾಪ್ಸೂಲ್ ಮಾರೋರು ಕೇಳ್ಕೊಳ್ಳದೇ ಇರೋ ಪ್ರಶ್ನೆ. ದೊಡ್ಡವರಾದ್ಮೇಲೆ ನಮ್ಮ ಕೊಬ್ಬಿನ ಕೋಶಗಳ ಒಟ್ಟು ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ವರ್ಷಕ್ಕೆ ಸುಮಾರು 10 ಪರ್ಸೆಂಟ್ ಸತ್ತು ಅಷ್ಟೇ ಹೊಸದು ಹುಟ್ಟುತ್ತೆ. 2008ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತೆ ಜೊತೆಯವರು ಇದನ್ನ ಕಂಡುಹಿಡಿದ ರೀತಿ ಮಜವಾಗಿದೆ, ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 ಅನ್ನೋ ವಿಕಿರಣ ಸೂಸೋ ಇಂಗಾಲ ಕೋಶದ ಡಿಎನ್ಎಲಿ ಎಷ್ಟಿದೆ ಅಂತ ಅಳೆದು ಆ ಕೋಶ ಯಾವ ಕಾಲಕ್ಕೆ ಹುಟ್ಟಿದ್ದು ಅಂತ ಲೆಕ್ಕ ಹಾಕಿದ್ರು. ಆಪರೇಷನ್ ಮಾಡಿಸ್ಕೊಂಡು ತೂಕ ಇಳಿದವರಲ್ಲೂ ಕೋಶಗಳ ಸಂಖ್ಯೆ ಇಳೀಲಿಲ್ಲ, ಒಂದೊಂದೂ ಸಣ್ಣದಾಯ್ತು ಅಷ್ಟೇ.

ಈಗ ಹೊಸ ಕೋಶ ಹುಟ್ಟೋದು ನಿಂತೇಹೋಯ್ತು, ಆದ್ರೆ ತಿನ್ನೋದು ಹಾಗೇ ಇದೆ ಅಂದ್ಕೊಳಿ. ಕಣಜ ಕಟ್ಟಿಸಬೇಡಿ ಅಂದ ಮಾತ್ರಕ್ಕೆ ರಾಗಿ ಬರೋದು ನಿಲ್ಲಲ್ಲ, ಅಂಗಳ, ಪಡಸಾಲೆ ಎಲ್ಲಾ ಕಡೆ ಬೀಳುತ್ತೆ. ದೇಹದಲ್ಲಿ ಹಾಗೆ ಬೀಳೋ ಜಾಗ ಲಿವರ್ರು, ಮಾಂಸಖಂಡ. ಲಿಪೊಡಿಸ್ಟ್ರೋಫಿ ಅಂತ ಒಂದು ಅಪರೂಪದ ಕಾಯಿಲೆ ಇದೆ, ಚರ್ಮದ ಕೆಳಗೆ ಕೊಬ್ಬೇ ಸರಿಯಾಗಿ ಕೂರಲ್ಲ, ನೋಡೋಕೆ ಸಣ್ಣಗಿರ್ತಾರೆ, ಆದ್ರೆ ಫ್ಯಾಟಿ ಲಿವರ್ರು, ಜೋರು ಸಕ್ಕರೆ ಕಾಯಿಲೆ, ರಕ್ತದಲ್ಲಿ ಏರಿದ ಟ್ರೈಗ್ಲಿಸರೈಡು ಅನ್ನೋ ಕೊಬ್ಬು, ಎಲ್ಲಾ ಒಟ್ಟಿಗೆ ಬರುತ್ತೆ. ಇನ್ನೊಂದು ಕಡೆ ಪಯೋಗ್ಲಿಟಜೋನ್ ಅನ್ನೋ ಶುಗರ್ ಮಾತ್ರೆ ತಗೊಳಿ, ನಮ್ಮೂರ ಮೆಡಿಕಲ್ ಶಾಪಲ್ಲೆಲ್ಲ ಸಿಗುತ್ತೆ, ಅದು ಮಾಡೋದು ಪಿಪಿಎಆರ್ ಗಾಮಾನ ಎಬ್ಬಿಸೋದು! ಅಂದ್ರೆ ಕೊಬ್ಬಿನ ಕೋಶ ಹೆಚ್ಚಿಗೆ ಹುಟ್ಟಿಸೋದು. ತೂಕ ಒಂಚೂರು ಏರುತ್ತೆ, ಆದ್ರೆ ಲಿವರಲ್ಲಿದ್ದ ಕೊಬ್ಬು ಚರ್ಮದ ಕೆಳಗಿನ ಜಾಗಕ್ಕೆ ಹೋಗಿ ಶುಗರ್ ಇಳಿಯುತ್ತೆ. ಡಾಕ್ಟ್ರು ಕಾಯಿಲೆಗೆ ಅಂತ ಎಬ್ಬಿಸೋ ಸ್ವಿಚ್ಚನ್ನ ಈ ಕ್ಯಾಪ್ಸೂಲ್ ಮಾರೋರು ಆರೋಗ್ಯಕ್ಕೆ ಅಂತ ಆಫ್ ಮಾಡ್ತೀವಿ ಅಂತಿದಾರೆ. ನಮಗೆ ಬೇಕಾಗಿರೋದು ಕೋಶ ಹುಟ್ಟೋದು ನಿಲ್ಲಿಸೋದಲ್ಲ, ಇರೋ ಕೋಶಗಳಿಗೆ ತುಂಬೋದನ್ನ ಕಮ್ಮಿ ಮಾಡೋದು. ಅದಕ್ಕೆ ತೂಕದ ಮಿಷಿನ್‌ಗಿಂತ ಟೇಲರ್ ಟೇಪು ಮೇಲು, ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ರೆ ಎಚ್ಚರ ಆಗ್ಬೇಕು.

ಪ್ರಶ್ನೆ: ಮಲೆನಾಡ ಕಡೆ ಉಪ್ಪಾಗೆ ಅಂತಾರಲ್ಲ ಮೇಡಂ, ಆ ಹುಳಿ ಹಣ್ಣು, ಅದರ ಸಾರ ಕೊಬ್ಬು ಆಗೋಕೇ ಬಿಡಲ್ವಂತೆ? (ಮಾಲೂರು)

ಉತ್ತರ: ಅದರ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಸಕ್ಕರೆಯಿಂದ ಕೊಬ್ಬು ಮಾಡೋ ಒಂದು ಎಂಜೈಮನ್ನ ತಡೆಯುತ್ತೆ, ಪೇಪರ್ ಮೇಲೆ ಚೆನ್ನಾಗಿದೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನೋಡಿದ್ರು, ಸಾರ ತಗೊಂಡೋರು 3.2 ಕೆಜಿ ಇಳಿದ್ರು, ಖಾಲಿ ಕ್ಯಾಪ್ಸೂಲ್ ತಗೊಂಡೋರು 4.1 ಕೆಜಿ. ಎರಡೂ ಗುಂಪಿಗೂ ಊಟ ಕಮ್ಮಿ ಮಾಡಿಸಿದ್ರು, ಇಳಿದಿದ್ದು ಅದಕ್ಕೆ. ಮೀನು ಸಾರಿಗೆ ಹುಳಿಗೆ ಹಾಕೋದಾದ್ರೆ ಹಾಕ್ಕೊಳಿ.

ಪ್ರಶ್ನೆ: ನಮ್ಮ ಅಪ್ಪನಿಗೆ ಫಿಟ್ಸ್ ಮಾತ್ರೆ, ಶುಗರ್ ಮಾತ್ರೆ ಎರಡೂ ಇದೆ. ಅದರ ಜೊತೆ ಅರಿಶಿನ-ಮೆಣಸಿನ ಕ್ಯಾಪ್ಸೂಲ್ ಶುರು ಮಾಡಿದಾರೆ, "ಅಡುಗೆಮನೆ ಸಾಮಾನು ತಾನೇ" ಅಂತಾರೆ. (ಚಿಂತಾಮಣಿ)

ಉತ್ತರ: ಇವತ್ತಿಂದನೇ ಕ್ಯಾಪ್ಸೂಲ್ ನಿಲ್ಲಿಸಿ, ಡಾಕ್ಟ್ರು ಕೊಟ್ಟಿರೋ ಮಾತ್ರೆ ಮಾತ್ರ ಒಂದೂ ಬಿಡಬೇಡಿ. ಪೈಪರೀನ್ ಲಿವರ್ ಕೆಲಸ ನಿಧಾನ ಮಾಡೋದ್ರಿಂದಲೇ ಕರ್ಕ್ಯುಮಿನ್ ರಕ್ತದಲ್ಲಿ ಏರೋದು, ಅದೇ ಕಾರಣಕ್ಕೆ ಫೆನಿಟಾಯಿನ್ ಥರದ ಫಿಟ್ಸ್ ಔಷಧಿನೂ ರಕ್ತದಲ್ಲಿ ಜಾಸ್ತಿಯಾಗಬಹುದು, ತಲೆ ತಿರುಗೋದು, ತೂರಾಡೋದು ಶುರುವಾಗುತ್ತೆ. ಪೈಪರೀನ್ ಸೇರಿಸಿದ ಅರಿಶಿನದ ಮಾತ್ರೆಗಳಿಂದ, ಗ್ರೀನ್ ಟೀ ಸಾರದ ಮಾತ್ರೆಗಳಿಂದ ಲಿವರ್ ಕೆಟ್ಟ ಕೇಸುಗಳೂ ಬೇರೆ ಬೇರೆ ದೇಶದಲ್ಲಿ ವರದಿಯಾಗಿವೆ. ಕಣ್ಣು ಹಳದಿ, ಮೂತ್ರ ಕಾಫಿ ಬಣ್ಣ, ಊಟ ಸೇರ್ತಿಲ್ಲ ಅಂದ್ರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹೋಗುವಾಗ ಆ ಡಬ್ಬಿನೂ ತಗೊಂಡು ಹೋಗಿ. ಮೆಣಸಿನ ಸಾರು ಬೇಕಂದ್ರೆ ಮಾಡಿಕೊಡಿ, ಅದರಲ್ಲೇನೂ ತೊಂದರೆ ಇಲ್ಲ.